ಕುಮಟಾನಾ? ಹೊನ್ನಾವರಾನಾ?

ಎಷ್ಟೋ ತಿಂಗಳಿಂದ ನಮ್ಮ ಮನೆಯಲ್ಲಿ ಊಟಕ್ಕೆ ಕೂತರೂ ಇದೇ ಮಾತು, ಮಲಗುವಾಗಲೂ ಇದೇ ಮಾತು. ಮಗಳು ಉತ್ತರ ಕನ್ನಡದ ಕರಾವಳಿಯಲ್ಲಿ, ಹಳದೀಪುರದ ಹತ್ತಿರ ಶಾಲೆಯಲ್ಲಿ ಟೀಚರ್. ಇಬ್ಬರು ಚಿಕ್ಕ ಮಕ್ಕಳು. ಅಳಿಯ ಕೆಲಸದ ಮೇಲೆ ಊರೂರು ತಿರುಗುವವರು. ನಾನು ಬಸ್ ಡ್ರೈವರ್ ಆಗಿ ರಿಟೈರ್ ಆಗಿ ಒಂದು ವರ್ಷ ಆಯ್ತು. "ಅಪ್ಪ, ನೀವಿಬ್ರೂ ಈ ಕಡೆನೇ ಬಂದ್ಬಿಡಿ" ಅಂತ ಅವಳು ಕರೆದಾಗ ನಾವು ಹೂಂ ಅಂದುಬಿಟ್ಟೆವು. ಆಮೇಲೆ ಶುರುವಾಯ್ತು ನೋಡಿ. ಹಳದೀಪುರಕ್ಕೆ ಈ ಕಡೆ ಹೊನ್ನಾವರ, ಆ ಕಡೆ ಕುಮಟಾ. ಎರಡು ಊರಿನ ನಡುವೆ 20 ಕಿಲೋಮೀಟರ್ ಅಷ್ಟೇ. ಎಲ್ಲಿರೋದು?

ನಮ್ಮದು ಕಡೂರು. ಮದಗದ ಕೆರೆ ಕೋಡಿ ಬಿತ್ತು ಅಂದರೆ ಬೈಕು, ಟ್ರ್ಯಾಕ್ಟರ್ ಹತ್ತಿ ನೋಡಲು ಹೋಗುವ ಜನ ನಾವು. ಅಂಥವರಿಗೆ ಸಮುದ್ರ ಅಂದರೆ ಪ್ರವಾಸ. ಹೋಗಬೇಕು, ಕಾಲು ನೆನೆಸಬೇಕು, ಸಂಜೆ ಬಸ್ ಹತ್ತಬೇಕು. ಅದರ ಪಕ್ಕದಲ್ಲೇ ಬದುಕೋದು ಹೇಗೆ ಅನ್ನೋದು ನಮಗೆ ಗೊತ್ತೇ ಇರಲಿಲ್ಲ. ಮೊದಲು ಡಿಸೆಂಬರ್‌ನಲ್ಲಿ ಹೋಗಿ ನೋಡಿದೆವು. ಡಿಸೆಂಬರ್‌ನಲ್ಲಿ ಯಾವ ಊರು ಚೆಂದ ಇಲ್ಲ ಹೇಳಿ. ಕುಮಟಾ ಹತ್ತಿರದ ಕಡ್ಲೆ, ಬಾಡ ಬೀಚುಗಳ ಮರಳು ನೋಡಿ ನಮ್ಮ ಮನೆಯವರು ಅಲ್ಲೇ ಮನಸ್ಸು ಮಾಡಿಬಿಟ್ಟಿದ್ದರು.

ಮಗಳೇ ತಡೆದಳು. "ಜುಲೈನಲ್ಲಿ ಬಂದು ನೋಡಿ, ಆಮೇಲೆ ಮಾತಾಡೋಣ" ಅಂದಳು. ಅವಳು ಹೇಳಿದ್ದು ಎಷ್ಟು ಸರಿ ಅಂತ ಜುಲೈನಲ್ಲಿ ಅವಳ ಮನೆಯಲ್ಲಿ ಇಪ್ಪತ್ತು ದಿನ ಇದ್ದಾಗ ಗೊತ್ತಾಯ್ತು. ನಮ್ಮಲ್ಲಿ ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆಯಾದರೆ ಒಳ್ಳೆ ವರ್ಷ ಅಂತೀವಿ. ಅಲ್ಲಿ 3,000 ದಾಟುತ್ತದೆ. ಒಗೆದ ಬಟ್ಟೆ ನಾಲ್ಕು ದಿನವಾದರೂ ಒಣಗಲ್ಲ, ಚಪ್ಪಲಿಗೆ ಬೂಷ್ಟು, ಗೇಟಿನ ಚಿಲಕಕ್ಕೆ ತುಕ್ಕು, ಕರೆಂಟು ಯಾವಾಗ ಹೋಗುತ್ತೋ ಯಾವಾಗ ಬರುತ್ತೋ. ಜೂನ್ ಮತ್ತು ಜುಲೈ 61 ದಿನ ಯಾಂತ್ರಿಕ ದೋಣಿಗಳ ಮೀನುಗಾರಿಕೆ ನಿಷೇಧ ಬೇರೆ, ಹಾಗಾಗಿ ಪೇಟೆಯಲ್ಲಿ ತಾಜಾ ಮೀನು ಕಡಿಮೆ, ಒಣ ಮೀನೇ ಜಾಸ್ತಿ. ಆ ಇಪ್ಪತ್ತು ದಿನದಲ್ಲಿ ಎರಡೂ ಊರಿಗೆ ಕೊಡೆ ಹಿಡಿದು ಹತ್ತಾರು ಸಲ ಹೋಗಿ ಬಂದೆ. ಮೀನು ಮಾರುವವರು, ರಿಕ್ಷಾದವರು, ಮೆಡಿಕಲ್ ಶಾಪಿನವರು, ಎಲ್ಲರನ್ನೂ ಮಾತಾಡಿಸಿದೆ.

ಕುಮಟಾ ಒಳ್ಳೆ ಊರು. ಅದನ್ನು ಮೊದಲೇ ಹೇಳುತ್ತೇನೆ. ಪೇಟೆ ದೊಡ್ಡದು, ಗಿಬ್ ಸರ್ಕಲ್ ಸುತ್ತ ನಡೆದಾಡಿದರೆ ಬೇಕಾದ್ದೆಲ್ಲ ಸಿಗುತ್ತದೆ. ಸಮುದ್ರ ಊರಿಗೆ ಹತ್ತಿರ. ಬೇಸಿಗೆಯಲ್ಲಿ ಅಳ್ವೆಕೋಡಿ, ಹಂದಿಗೋಣದ ಕಡೆ ಹೆದ್ದಾರಿ ಪಕ್ಕ ಸಿಹಿ ಈರುಳ್ಳಿ ಗೊಂಚಲು ಗೊಂಚಲು ತೂಗುಹಾಕಿರುತ್ತಾರೆ, ಹಸಿದೇ ತಿನ್ನಬಹುದು, ಕಣ್ಣಲ್ಲಿ ನೀರು ಬರಲ್ಲ. ಎಲ್ಲಕ್ಕಿಂತ ನನಗೆ ಹಿಡಿಸಿದ್ದು ಅಘನಾಶಿನಿ. ಶಿರಸಿ ಕಡೆ ಹುಟ್ಟಿ ಸಮುದ್ರ ಸೇರುವ ತನಕ ಅದಕ್ಕೆ ಒಂದು ಅಣೆಕಟ್ಟೂ ಇಲ್ಲ. ನದಿ ಸಮುದ್ರ ಸೇರುವ ಆ ಅಳಿವೆಗೆ 2024ರಲ್ಲಿ ರಾಮ್ಸರ್ ತಾಣ, ಅಂದರೆ ಜಗತ್ತಿನ ಮಟ್ಟದಲ್ಲಿ ಮುಖ್ಯವಾದ ಜೌಗು ಪ್ರದೇಶ ಅನ್ನೋ ಮಾನ್ಯತೆ ಸಿಕ್ಕಿದೆ. ಅಲ್ಲಿ ಹೆಂಗಸರು, ಗಂಡಸರು ಇಳಿತದ ಹೊತ್ತಿಗೆ ನೀರಿಗಿಳಿದು ಬಳಚು ಅನ್ನೋ ಚಿಪ್ಪುಮೀನು ಆರಿಸುತ್ತಾರೆ. ಕಗ್ಗ ಅನ್ನೋ ಭತ್ತ ಬೆಳೆಯುತ್ತಾರೆ, ಉಪ್ಪು ನೀರು ನುಗ್ಗಿದರೂ ಅದು ಸಾಯಲ್ಲವಂತೆ. ಬೋರ್‌ವೆಲ್ ಸಾವಿರ ಅಡಿ ಕೊರೆದರೂ ನೀರು ಕಾಣದ ಕಡೆಯಿಂದ ಬಂದವನಿಗೆ ಇದು ಎಷ್ಟು ದೊಡ್ಡದು ಅಂತ ಕಡೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ಹೊನ್ನಾವರ ಬೇರೆ ಥರ. ಪೇಟೆ ಇರುವುದು ಶರಾವತಿ ದಡದಲ್ಲಿ. ಕಡಲ ತೀರ ನೋಡಬೇಕಾದರೆ ಸೇತುವೆ ದಾಟಿ ಕಾಸರಕೋಡಿಗೆ ಹೋಗಬೇಕು. 2020ರಲ್ಲಿ ಆ ತೀರಕ್ಕೆ ಬ್ಲೂ ಫ್ಲ್ಯಾಗ್, ಅಂದರೆ ಶುಚಿಯಾದ ಬೀಚಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಿತು, ಚೊಕ್ಕವಾಗಿ ಇಟ್ಟಿದ್ದಾರೆ. ಆದರೆ ಅದೇ ಕಾಸರಕೋಡಿನ ಟೊಂಕದಲ್ಲಿ ಖಾಸಗಿ ಬಂದರು ಬೇಡ ಅಂತ ಮೀನುಗಾರರು ವರ್ಷಗಳಿಂದ ಹೋರಾಡುತ್ತಿದ್ದಾರೆ. ಒಣ ಮೀನು ಹರಡುವ ಮರಳೇ ಹೋದರೆ ಬದುಕು ಹೇಗೆ ಅನ್ನೋ ಅವರ ಮಾತು ನನಗಂತೂ ನ್ಯಾಯ ಅನ್ನಿಸಿತು. ಶರಾವತಿಯೂ ಅಘನಾಶಿನಿಯ ಥರ ಬಿಡುಬೀಸಾಗಿ ಹರಿಯುವ ನದಿ ಅಲ್ಲ. ಮೇಲೆ ಲಿಂಗನಮಕ್ಕಿ, ಕೆಳಗೆ ಗೇರುಸೊಪ್ಪೆ ಅಣೆಕಟ್ಟು. ಮಳೆ ಜಾಸ್ತಿಯಾಗಿ ಗೇಟು ತೆರೆದರೆ ಹೊಳೆ ಪಕ್ಕದ ಊರುಗಳಿಗೆ ನಿದ್ದೆ ಇಲ್ಲ. ಹಾಗಾಗಿ ಮನೆ ನೋಡುವಾಗ ದಿಬ್ಬದ ಮೇಲಿನ ಜಾಗವನ್ನೇ ನೋಡಿ ಅಂತ ಅಲ್ಲಿನವರೇ ಹೇಳಿದರು. ಇನ್ನೊಂದು, ಯಕ್ಷಗಾನದ ಊರು ಗುಣವಂತೆ ಈ ತಾಲೂಕಿನದು. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಯಕ್ಷಗಾನ ಮೇಳ ಕಟ್ಟಿದ್ದು. ಆ ಮೇಳ ಇವತ್ತಿಗೂ ನಡೆಯುತ್ತಿದೆ. ಮೊಮ್ಮಕ್ಕಳು ಚೆಂಡೆ ಸದ್ದು ಕೇಳುತ್ತಾ ಬೆಳೆಯುತ್ತಾರೆ ಅನ್ನೋದು ನಮ್ಮ ಮನೆಯವರಿಗೆ ತುಂಬಾ ಹಿಡಿಸಿತು.

ಜಾಗ ತಗೊಳ್ಳೋರಿಗೆ ಒಂದು ಮಾತು. ಒಬ್ಬ ದಲ್ಲಾಳಿ ನನಗೆ ಕಡಲಿಗೆ ಕಲ್ಲೆಸೆಯುವಷ್ಟು ಹತ್ತಿರದ ಸೈಟು ತೋರಿಸಿ, ಮನೆ ಕಟ್ಟಲು ಏನೂ ತೊಂದರೆ ಇಲ್ಲ ಅಂದರು. ಉಬ್ಬರದ ಗೆರೆಯಿಂದ 500 ಮೀಟರ್ ತನಕ ಕಟ್ಟಡಕ್ಕೆ ಕಡಿವಾಣ ಹಾಕುವ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮ ಇದೆ ಅನ್ನೋದನ್ನು ಅವರು ಬಾಯೇ ಬಿಡಲಿಲ್ಲ. ಮಗಳ ಜೊತೆ ಕೆಲಸ ಮಾಡುವವರು ಹೇಳದಿದ್ದರೆ ನನ್ನ ಗ್ರಾಚ್ಯುಟಿ ದುಡ್ಡೆಲ್ಲ ಅಲ್ಲೇ ಮುಳುಗುತ್ತಿತ್ತು. ದಯವಿಟ್ಟು ಸುಮ್ನೆ ಯಾರದೋ ಮಾತು ನಂಬಿ ಅಡ್ವಾನ್ಸ್ ಕೊಡಬೇಡಿ.

ಈಗ ಆಸ್ಪತ್ರೆ ವಿಷಯ. ಇದನ್ನು ಬರೆಯುವಾಗ ಕೈ ಭಾರವಾಗುತ್ತದೆ. 2022ರ ಜುಲೈನಲ್ಲಿ ಹೊನ್ನಾವರದಿಂದ ಕುಂದಾಪುರಕ್ಕೆ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್ ಹತ್ತಿರ ಮಳೆಯಲ್ಲಿ ಜಾರಿ ಬಿತ್ತು. ನಾಲ್ಕು ಜನ ಹೋದರು. ಆ ವಿಡಿಯೋ ನೀವೂ ನೋಡಿರುತ್ತೀರಿ. ಮೂವತ್ತು ವರ್ಷ ಸ್ಟೀರಿಂಗ್ ಹಿಡಿದವನು ನಾನು. ಒದ್ದೆ ರಸ್ತೆಯಲ್ಲಿ ಹಿಂದೆ ಒಂದು ಜೀವ ಇಟ್ಟುಕೊಂಡು ವೇಗವಾಗಿ ಹೋಗಬೇಕಾದ ಡ್ರೈವರ್ ಸ್ಥಿತಿ ಏನು ಅಂತ ನನಗೆ ಅರ್ಥವಾಗುತ್ತದೆ. ಹೊನ್ನಾವರದಿಂದ ಮಣಿಪಾಲಕ್ಕೆ ಸುಮಾರು 120 ಕಿಲೋಮೀಟರ್. ಕುಮಟಾದಿಂದ ಇನ್ನೂ 20 ಜಾಸ್ತಿ. ಕಾರವಾರದಲ್ಲಿ ಮೆಡಿಕಲ್ ಕಾಲೇಜು ಇದೆ ನಿಜ, ಆದರೂ ದೊಡ್ಡ ಕಾಯಿಲೆ ಅಂದರೆ ಜನ ದಕ್ಷಿಣಕ್ಕೇ ಓಡುತ್ತಾರೆ. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕೊಡಿ ಅಂತ ಅಲ್ಲಿನ ಜನ ಎಷ್ಟು ಸಲ ಬೀದಿಗಿಳಿದರು! ಆ ಬೇಡಿಕೆಗೆ ಬಯಲುಸೀಮೆಯ ನಾವೂ ದನಿ ಸೇರಿಸಬೇಕು. ಅಲ್ಲಿಗೆ ಬರೀ ಬೀಚ್ ನೋಡಲು ಹೋಗಿ ಬಂದರೆ ಸಾಕಾ?

ಇಷ್ಟೆಲ್ಲ ತೂಗಿದರೆ ಕುಮಟಾಕ್ಕೆ ಒಂದೆರಡು ಅಂಶ ಜಾಸ್ತಿ ಸಿಗುತ್ತದೆ. ಗೆಳೆಯರೆಲ್ಲ ಅದನ್ನೇ ಹೇಳಿದರು. ಆದರೂ ನಾನು ಹೊನ್ನಾವರ ಅಂತಿದ್ದೇನೆ.

ಯಾಕೆ ಗೊತ್ತಾ? ಕಡೂರಿನಲ್ಲಿ ನಮ್ಮ ಮನೆ ಇರುವುದು ಬಿ.ಎಚ್. ರಸ್ತೆಯಲ್ಲಿ. ಬಿ ಅಂದರೆ ಬೆಂಗಳೂರು. ಎಚ್ ಅಂದರೆ ಹೊನ್ನಾವರ. ಹುಟ್ಟಿದಾಗಿನಿಂದ ಆ ಹೆಸರಿನಲ್ಲೇ ಕಾಗದ ಪತ್ರ ತರಿಸಿಕೊಂಡಿದ್ದೇನೆ, ರೇಷನ್ ಕಾರ್ಡಿನಲ್ಲಿ ಬರೆಸಿದ್ದೇನೆ. ತರೀಕೆರೆ, ಭದ್ರಾವತಿ, ಶಿವಮೊಗ್ಗ, ಸಾಗರ, ಮಾವಿನಗುಂಡಿ, ಆಮೇಲೆ ಘಾಟಿ ಇಳಿದರೆ ಗೇರುಸೊಪ್ಪೆ, ಹೊಳೆ ಪಕ್ಕದಲ್ಲೇ ಹೋಗಿ ಹೊನ್ನಾವರ. ಸುಮಾರು 225 ಕಿಲೋಮೀಟರ್, ಒಂದೇ ರಸ್ತೆ. ಹಳೆಯ 206ನೇ ಹೆದ್ದಾರಿ. ಎಡಕ್ಕೆ ಬಲಕ್ಕೆ ತಿರುಗುವ ಯೋಚನೆ ಇಲ್ಲ. ನಮ್ಮ ತೆಂಗಿನಕಾಯಿ ಮೂಟೆ, ರಾಗಿ ಮೂಟೆ ಸಾಗರದ ಮೇಲೆ ಹೋಗುವ ರಾತ್ರಿ ಬಸ್ಸಿಗೆ ಹಾಕಿದರೆ ಬೆಳಗ್ಗೆ ಅಲ್ಲಿ ಇಳಿಯುತ್ತದೆ. ಕುಚಲಕ್ಕಿ ಊಟ ನಾನು ಕಲಿಯುತ್ತೇನೆ, ಆದರೆ ವಾರಕ್ಕೆ ನಾಲ್ಕು ದಿನ ಮುದ್ದೆ ಬೇಕೇ ಬೇಕು. ಅರವತ್ತು ದಾಟಿದ ಮೇಲೆ ಊರು ಬಿಡುವವರಿಗೆ ಹೋಗುವ ದಾರಿಗಿಂತ ವಾಪಸ್ ಬರುವ ದಾರಿ ಸಲೀಸಾಗಿರಬೇಕು. ನನ್ನ ತಮ್ಮ ಇಲ್ಲೇ ಇದ್ದಾನೆ, ಅಪ್ಪ ಅಮ್ಮನ ಮಣ್ಣು ಇಲ್ಲೇ ಇದೆ. ಕುಮಟಾ 20 ಕಿಲೋಮೀಟರ್ ಮಾತ್ರ ಮುಂದೆ, ಒಪ್ಪುತ್ತೇನೆ. ಆದರೆ ಅಲ್ಲಿ ನಾನು ಬೇರೆ ರಸ್ತೆಯವನು.

ಮನೆಯವರೂ ಒಪ್ಪಿದ್ದಾರೆ. ಒಂದೇ ಷರತ್ತು ಹಾಕಿದ್ದಾರೆ. ಮಳೆಗಾಲದಲ್ಲಿ ಎಲ್ಲ ಬಾವಿ ನೀರೂ ಸಿಹಿ, ಬೇಸಿಗೆಯಲ್ಲಿ ಹೊಳೆ ಹತ್ತಿರದ ಬಾವಿಗಳಲ್ಲಿ ಉಪ್ಪು ಏರುತ್ತದೆ ಅಂತ ಮೀನು ಮಾರುವ ಅಕ್ಕ ಇವರಿಗೆ ಹೇಳಿಕೊಟ್ಟಿದ್ದಾರೆ. ಹಾಗಾಗಿ ಎರಡು ಮನೆ ನೋಡಿಟ್ಟಿದ್ದೇವೆ, ಅಡ್ವಾನ್ಸ್ ಕೊಟ್ಟಿಲ್ಲ. ಏಪ್ರಿಲ್ ಕೊನೆಗೆ ಹೋಗಿ ಎರಡೂ ಬಾವಿಯ ನೀರು ಸೇದಿ ಕುಡಿದು ನೋಡುತ್ತೇವೆ.