ದೋಣಿಯ ಬೆನ್ನ ಮೇಲೆ ಯಾವ ಊರ ಹೆಸರು?

ಊರಿಗೆ ಹೋದಾಗಲೆಲ್ಲ ಮಲ್ಪೆ ಬಂದರಿನಲ್ಲಿ ಒಂದು ಸಂಜೆ ಕಳೆಯುತ್ತೇನೆ. ಅಲ್ಲಿನ ಮೀನುಗಾರಿಕೆ ದೋಣಿಗಳ ಮೂತಿಯ ಮೇಲೆ ಐಎನ್‌ಡಿ ಎಂದೂ ಅದಕ್ಕೆ ತಾಗಿಯೇ ಕೆಎ ಎಂದೂ ಬರೆದಿರುತ್ತದೆ. ದೇಶ, ರಾಜ್ಯ ಎರಡೂ ಒಂದೇ ಸಂಖ್ಯೆಯಲ್ಲಿ ಕೂಡಿವೆ. ಅಮೆರಿಕದ ಮೇರಿಲ್ಯಾಂಡಿನಲ್ಲಿ, ಚೆಸಪೀಕ್ ಕೊಲ್ಲಿಯ ದಡದಲ್ಲಿ, ನಾನು 30 ಅಡಿಯ ಹಳೆಯ ಹಾಯಿದೋಣಿಯೊಂದನ್ನು ಕೊಂಡಾಗ ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕೆಂದು ಗೊತ್ತಾಯಿತು.

ರಾಜ್ಯದಲ್ಲಿ ನೋಂದಾಯಿಸಿದರೆ ಎಂಡಿ ಎಂದು ಶುರುವಾಗುವ ಸಂಖ್ಯೆ ಸಿಗುತ್ತದೆ. ಮೂರು ಅಂಗುಲ ಎತ್ತರದ ಅಕ್ಷರಗಳಲ್ಲಿ ಮೂತಿಯ ಎರಡೂ ಬದಿಗೆ ಅದನ್ನು ಹಾಕಬೇಕು, ಎರಡು ವರ್ಷಕ್ಕೊಮ್ಮೆ ಹೊಸ ಸ್ಟಿಕ್ಕರ್ ಅಂಟಿಸಬೇಕು. ಕೇಂದ್ರದ ದಾಖಲಾತಿ ಇನ್ನೊಂದು ದಾರಿ. ಅದನ್ನು ಕೊಡುವುದು ಕರಾವಳಿ ಕಾವಲು ಪಡೆ. ಕಚೇರಿ ಇರುವುದು ಸಮುದ್ರದಿಂದ ಬಹುದೂರ, ವೆಸ್ಟ್ ವರ್ಜೀನಿಯಾದ ಫಾಲಿಂಗ್ ವಾಟರ್ಸ್ ಎಂಬಲ್ಲಿ. 1789ರಲ್ಲಿ, ಅಮೆರಿಕದ ಮೊದಲ ಕಾಂಗ್ರೆಸ್ಸಿನ ಕಾಲದಲ್ಲೇ, ಆರಂಭವಾದ ವ್ಯವಸ್ಥೆ ಇದು. ದೋಣಿ ಕನಿಷ್ಠ ಐದು ನಿವ್ವಳ ಟನ್ ಇರಬೇಕು. ಈ ಟನ್ ತೂಕದ್ದಲ್ಲ, ಒಳಗಿನ ಜಾಗದ ಅಳತೆ, ಒಂದಕ್ಕೆ 100 ಘನ ಅಡಿ. 25 ಅಡಿ ದಾಟಿದ ಬಹುತೇಕ ದೋಣಿಗಳು ಆ ಮಟ್ಟ ಮುಟ್ಟುತ್ತವೆ. ದಾಖಲಾದ ದೋಣಿಯ ಮೂತಿಯ ಮೇಲೆ ಸಂಖ್ಯೆ ಇರುವುದಿಲ್ಲ. ಸಂಖ್ಯೆಯನ್ನು ಒಡಲೊಳಗೆ ಅಳಿಸಲಾಗದಂತೆ ಕೂರಿಸುತ್ತಾರೆ, ಹೆಸರನ್ನೂ ತವರು ಬಂದರನ್ನೂ ಹಿಂಬದಿಯಲ್ಲಿ ಬರೆಯುತ್ತಾರೆ.

ನಾನು ಕೊಂಡ ದೋಣಿ ಕೇಂದ್ರದಲ್ಲಿ ದಾಖಲಾಗಿತ್ತು. ಹಣ ಕೊಡುವ ಮುನ್ನ ಅದರ ಒಡೆತನದ ಚರಿತ್ರೆಯನ್ನು ತರಿಸಿದೆ. ನಮ್ಮ ಕಡೆ ಸೈಟು ಕೊಳ್ಳುವಾಗ ಸಬ್‌ ರಿಜಿಸ್ಟ್ರಾರ್ ಕಚೇರಿಯಿಂದ ಇ.ಸಿ. ತೆಗೆಸುತ್ತೇವಲ್ಲ, ಹಾಗೆಯೇ. ಯಾರು ಯಾರಿಗೆ ಮಾರಿದರು, ಯಾರ ಬಳಿ ಅಡವಿತ್ತು ಎಂಬುದೆಲ್ಲ ಸಾಲಾಗಿ ಅದರಲ್ಲಿತ್ತು. ಮೂರನೆಯ ಮಾಲೀಕನ ಕಾಲದ ಸಾಲವೊಂದು ತೀರಿದ್ದರೂ ಅದನ್ನು ಯಾರೂ ದಾಖಲಿಸಿರಲಿಲ್ಲ. ಸಾಲ ಕೊಟ್ಟ ಸಂಸ್ಥೆಯಿಂದ ಆ ಒಂದು ಹಾಳೆ ಪಡೆಯಲು ಮಾರುವವರೂ ನಾನೂ ಏಳು ವಾರ ಅಲೆದೆವು. ಅಲೆದಾಟ ಬೇಸರ ತಂದಿತು, ನಿಜ. ಆದರೆ ಆ ಚರಿತ್ರೆ ಕೈಗೆ ಬರದಿದ್ದರೆ ಬೇರೊಬ್ಬರ ಅಡವನ್ನು ನಾನು ಕಣ್ಣು ಮುಚ್ಚಿ ಕೊಂಡುಬಿಡುತ್ತಿದ್ದೆ. ಕೇಂದ್ರದ ಪದ್ಧತಿಯ ನಿಜವಾದ ಬಲ ಇದೇ ಎಂದು ನನಗೆ ಇಂದಿಗೂ ಅನ್ನಿಸುತ್ತದೆ. 1920ರ ಹಡಗು ಅಡಮಾನ ಕಾಯ್ದೆಯಿಂದಾಗಿ ಇಲ್ಲಿ ದಾಖಲಾದ ಅಡಮಾನಕ್ಕೆ ಕೇಂದ್ರದ ನ್ಯಾಯಾಲಯಗಳಲ್ಲಿ ವಿಶೇಷ ಮಾನ್ಯತೆ ಇದೆ. ದೊಡ್ಡ ಸಾಲ ಕೊಡುವ ಅನೇಕ ಬ್ಯಾಂಕುಗಳು ದಾಖಲಾತಿಯನ್ನೇ ಕೇಳುವುದು ಅದಕ್ಕಾಗಿ.

ಇಷ್ಟೆಲ್ಲ ಒಳ್ಳೆಯದಾದ ಆ ವ್ಯವಸ್ಥೆಯಿಂದ ನನ್ನ ದೋಣಿಯನ್ನು ನಾನೇ ಹೊರಗೆ ತರಬೇಕಾಯಿತು. ಆಗ ನನ್ನ ಬಳಿ ಇದ್ದದ್ದು ಗ್ರೀನ್ ಕಾರ್ಡ್. ದಾಖಲಾತಿಗೆ ಮಾಲೀಕ ಅಮೆರಿಕದ ಪ್ರಜೆಯೇ ಆಗಿರಬೇಕು. ಎಷ್ಟು ವರ್ಷ ತೆರಿಗೆ ಕಟ್ಟಿದ್ದರೂ, ಮಕ್ಕಳು ಇಲ್ಲೇ ಹುಟ್ಟಿದ್ದರೂ ವಿನಾಯಿತಿಯಿಲ್ಲ. ರಾಜ್ಯದ ಕಚೇರಿ ನನ್ನನ್ನು ಕೇಳಿದ್ದು ಬೇರೆಯೇ ಪ್ರಶ್ನೆ: ದೋಣಿಯನ್ನು ಹೆಚ್ಚಾಗಿ ಎಲ್ಲಿ ಓಡಿಸುತ್ತೀರಿ? ಒಂದು ಪತ್ರ ನೀನು ಯಾರು ಎನ್ನುತ್ತದೆ, ಇನ್ನೊಂದು ನಿನ್ನ ದೋಣಿ ಎಲ್ಲಿದೆ ಎನ್ನುತ್ತದೆ. ಭಾರತದಲ್ಲಿ 2021ರಲ್ಲಿ ಬಂದ, ರಾಜ್ಯ ಬದಲಾದರೂ ಮರುನೋಂದಣಿ ಬೇಡದ ಬಿಎಚ್ ಸರಣಿಯ ವಾಹನ ಸಂಖ್ಯೆಯೂ ಹೀಗೆಯೇ ಮಾಲೀಕನ ಉದ್ಯೋಗ ನೋಡಿ ಸಿಗುತ್ತದೆ. ಸ್ವಂತ ಅಂಗಡಿ ಇಟ್ಟವನಿಗೆ ಸಿಗುವುದಿಲ್ಲ. ವಾಹನಕ್ಕಾಗಲಿ ದೋಣಿಗಾಗಲಿ ಗಡಿಯಿಲ್ಲದ ಓಡಾಟ ಕೊಡುವುದಾದರೆ ಅದು ಮಾಲೀಕನ ಗುರುತಿನ ಚೀಟಿಯನ್ನು ಅವಲಂಬಿಸಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ದೋಣಿಕಟ್ಟೆಯಲ್ಲಿ ಆಗಾಗ ಕೇಳಿಬರುವ ಒಂದು ಮಾತನ್ನು ಮಾತ್ರ ಅಲ್ಲಗಳೆಯಲೇಬೇಕು. ಕೇಂದ್ರದಲ್ಲಿ ದಾಖಲಿಸಿದರೆ ರಾಜ್ಯದ ತೆರಿಗೆ ತಪ್ಪುತ್ತದೆ ಎನ್ನುತ್ತಾರೆ. ತಪ್ಪುವುದಿಲ್ಲ. ಮೇರಿಲ್ಯಾಂಡಿನಲ್ಲಿ ದೋಣಿ ಖರೀದಿಗೆ ಇರುವ ಶೇ. 5ರ ತೆರಿಗೆ ದಾಖಲಾದ ದೋಣಿಗೂ ಅನ್ವಯಿಸುತ್ತದೆ, ಹೆಚ್ಚಾಗಿ ಇಲ್ಲಿಯೇ ಓಡುವುದಾದರೆ ರಾಜ್ಯದ ಸ್ಟಿಕ್ಕರ್ ಕೂಡ ಬೇಕು. ಜೊತೆಗಿಟ್ಟುಕೊಳ್ಳುವ ಪುಟ್ಟ ದೋಣಿಗೆ ಎಂಜಿನ್ ಇದ್ದರೆ ಅದನ್ನು ರಾಜ್ಯದಲ್ಲಿಯೇ ನೋಂದಾಯಿಸಬೇಕು. ಕೇಂದ್ರದ ನವೀಕರಣಕ್ಕೆ ವರ್ಷಕ್ಕೆ 26 ಡಾಲರ್. ಸರ್ಕಾರಿ ಪತ್ರದಂತೆ ಕಾಣುವ ಖಾಸಗಿ ಕಾಗದಗಳು ಇದಕ್ಕೇ ಹಲವು ಪಟ್ಟು ಕೇಳುತ್ತವೆ. ಹೊಸಬರು ಮೋಸಹೋಗುವುದನ್ನು ಕಂಡು ಸಂಕಟವಾಗುತ್ತದೆ.

ದೋಣಿಯನ್ನು ದೂರದ ದೇಶಗಳಿಗೆ ಒಯ್ಯುವವರು ಕೇಂದ್ರದ ಪತ್ರವನ್ನೇ ಮಾಡಿಸಲಿ. ಪರದೇಶದ ಬಂದರಿನಲ್ಲಿ ದೋಣಿಯ ರಾಷ್ಟ್ರೀಯತೆಗೆ ಅದೇ ಗಟ್ಟಿ ಸಾಕ್ಷಿ. ಕೊಲ್ಲಿಯೊಳಗೆ ವಾರಾಂತ್ಯ ಕಳೆಯುವವರಿಗೆ ರಾಜ್ಯದ್ದು ಸಾಕು. ಪಕ್ಕದ ವರ್ಜೀನಿಯಾಕ್ಕೆ ಹೋದರೂ ಕನಿಷ್ಠ 60 ದಿನ ನಮ್ಮ ಸಂಖ್ಯೆ ನಡೆಯುತ್ತದೆ. ದೋಣಿಯ ನೆಲೆಯೇ ಬದಲಾದರೆ ಮತ್ತೆ ಹೊಸ ರಾಜ್ಯ, ಹೊಸ ಸಂಖ್ಯೆ. ಈ ತೊಡಕನ್ನು ಭಾರತದಲ್ಲಿ 2021ರ ಒಳನಾಡು ಹಡಗುಗಳ ಕಾಯ್ದೆ ಬಿಡಿಸಿತು. ನೋಂದಣಿ ರಾಜ್ಯದ್ದೇ, ಮಾನ್ಯತೆ ಮಾತ್ರ ಇಡೀ ದೇಶಕ್ಕೆ. ಇಲ್ಲಿಯೂ ಅಂಥ ಕಾನೂನು ಬರಲಿ, ಅದರೊಡನೆ ಪ್ರತಿಯೊಂದು ದೋಣಿಯ ಒಡೆತನದ ಚರಿತ್ರೆಯೂ ಸಾರ್ವಜನಿಕವಾಗಿ ಸಿಗುವಂತಾಗಲಿ ಎಂದು ಬಯಸುತ್ತೇನೆ.

ಈಗ ನಾನೂ ಇಲ್ಲಿನ ಪ್ರಜೆ. ಕೇಂದ್ರದ ಬಾಗಿಲು ತೆರೆದಿದೆ ಎಂದು ಅರ್ಜಿ ಹಿಡಿದು ಕೂತೆ. ನಿಯಮ ಓದುತ್ತಾ ಹೋದಂತೆ ಹೆಸರಿನ ಕಲಮು ಬಂತು: ದೋಣಿಯ ಹೆಸರು ಲ್ಯಾಟಿನ್ ಲಿಪಿಯಲ್ಲಿಯೇ ಇರಬೇಕು. ತವರು ಬಂದರು ಅಮೆರಿಕದೊಳಗಿನ ಊರೇ ಆಗಿರಬೇಕು. ರಾಜ್ಯದ ನೋಂದಣಿ ಮೂತಿಯ ಮೇಲಿನ ಸಂಖ್ಯೆಯನ್ನಷ್ಟೇ ಕೇಳುತ್ತದೆ, ಹಿಂಬದಿಯ ಗೊಡವೆಗೆ ಬರುವುದಿಲ್ಲ. ಅಲ್ಲಿ ನನ್ನ ಹೆಂಡತಿ ನೀಲಿ ಬಣ್ಣದಲ್ಲಿ, ಕನ್ನಡದಲ್ಲಿ, ಸ್ವರ್ಣಾ ಎಂದು ನಮ್ಮ ನದಿಯ ಹೆಸರು ಬರೆದಿದ್ದಾಳೆ. ಕೆಳಗೆ ಮಲ್ಪೆ ಎಂದಿದೆ. ಅರ್ಜಿಯನ್ನು ಮಡಚಿಟ್ಟು ರಾಜ್ಯದ ಸ್ಟಿಕ್ಕರಿಗೆ ಹಣ ಕಟ್ಟಿದೆ.