ಎಸ್‌ಎಸ್ ಬೋಲ್ಟು ಎಂಬ ಅಳಿಯ

ಅಲ್ಯೂಮಿನಿಯಂ ದೋಣಿಗೆ ತುಕ್ಕು ಹಿಡಿಯೋದಿಲ್ಲ ಅನ್ನೋದು ನಿಜ. ಕೆಂಪಗಾಗೋದಿಲ್ಲ ಅಷ್ಟೇ, ಬಿಳಿ ಪುಡಿಯಾಗಿ ಉದುರುತ್ತದೆ.

ಯಾದಗಿರಿಯ ಯಾವ ಹಾರ್ಡ್‌ವೇರ್ ಅಂಗಡಿಗೆ ಹೋದರೂ "ಎಸ್‌ಎಸ್ ಬೋಲ್ಟ್ ಹಾಕ್ರಿ ಅಣ್ಣಾ, ಲೈಫ್‌ಟೈಮ್ ನೋಡೂದಿಲ್ಲ" ಅಂತಾರೆ. ಎಸ್‌ಎಸ್ ಅಂದರೆ ಸ್ಟೇನ್‌ಲೆಸ್ ಸ್ಟೀಲ್. ಸುಳ್ಳಲ್ಲ, ಬೋಲ್ಟಿಗೇನೂ ಆಗೋದಿಲ್ಲ. ಮಾವನ ಮನೆಗೆ ಬಂದ ಅಳಿಯನ ಹಾಗೆ ಅದು ಮಿರಮಿರ ಮಿಂಚುತ್ತಾ ಕೂತಿರುತ್ತದೆ, ಸುತ್ತಲಿನ ತಗಡು ಸವೆಯುತ್ತದೆ. ಎರಡು ಲೋಹ ತಾಗಿದಲ್ಲಿ ನೀರು ನಿಂತರೆ ಸಣ್ಣ ಬ್ಯಾಟರಿ ಆದಂತೆ. ಅದರಲ್ಲಿ ಕರಗುವ ಪಾಳಿ ಅಲ್ಯೂಮಿನಿಯಂದು. ನಾರಾಯಣಪುರದ ಬಸವಸಾಗರ ಜಲಾಶಯದ್ದು ಸಿಹಿನೀರು, ಆದ್ದರಿಂದ ನಿಧಾನ. ಸಮುದ್ರದಲ್ಲಿ ಅಷ್ಟು ಪುರಸೊತ್ತಿಲ್ಲ.

ಸತು, ತಾಮ್ರ, ಬೆಳ್ಳಿ ಒಂದೇ ಹೂಜಿಯಲ್ಲಿ ಸುಖವಾಗಿವೆಯಲ್ಲಾ ಎಂದು ಬೀದರಿನವರು ಬಿದರಿ ಕೆಲಸ ತೋರಿಸಿಯಾರು. ಅದು ಶೋಕೇಸಿನಲ್ಲಿ ಒಣಗಿ ಕೂರುವ ಸಾಮಾನು, ನದಿಗೆ ಇಳಿಯೋದಿಲ್ಲ.

ಬೋಲ್ಟು ತಗಡಿಗೆ ಎಲ್ಲೂ ತಾಗಬಾರದು. 6 ಎಂಎಂ ಬೋಲ್ಟಿಗೆ 8 ಎಂಎಂ ತೂತು ಕೊರೆದು ನೈಲಾನ್ ಬುಷ್, ಅಂದರೆ ಸಣ್ಣ ಕೊಳವೆ, ಕೂರಿಸಿ. ಬುಷ್ ತಗಡಿನ ದಪ್ಪಕ್ಕಿಂತ ಕೂದಲೆಳೆ ಗಿಡ್ಡ ಇರಲಿ, ಇಲ್ಲದಿದ್ದರೆ ಬಿಗಿಯೋದು ಬುಷ್ ಮಾತ್ರ. ಎರಡೂ ಬದಿಗೆ ನೈಲಾನ್ ವಾಷರ್, ಅದರ ಮೇಲೆ ಅಗಲದ ಸ್ಟೀಲ್ ವಾಷರ್. ನೀರಿನ ಮಟ್ಟದ ಕೆಳಗಿದ್ದರೆ ಪಾಲಿಯುರಿಥೇನ್ ಸೀಲಂಟ್ ಹಚ್ಚಿ. ವಿನೆಗರ್ ವಾಸನೆಯ ಅಗ್ಗದ ಸಿಲಿಕಾನ್ ಬೇಡ, ಅದರ ಆಮ್ಲವೇ ಲೋಹ ತಿನ್ನುತ್ತದೆ. ಎಲ್ಲ ಒಣಗಿದ ಮೇಲೆ ಮಲ್ಟಿಮೀಟರನ್ನು ಬೀಪ್ ಮೋಡಿಗೆ ಹಾಕಿ, ಒಂದು ತುದಿ ಬೋಲ್ಟಿಗೆ, ಇನ್ನೊಂದು ಕೆರೆದ ತಗಡಿಗೆ ಹಿಡಿಯಿರಿ. ಪೀಂ ಅಂದರೆ ಎಲ್ಲೋ ತಾಗಿದೆ, ಬಿಚ್ಚಿ ಮತ್ತೆ ಮಾಡಿ.

ಇದಕ್ಕಿಂತ ಕೆಟ್ಟದ್ದು ಸ್ಟೀಲ್ ಪಟ್ಟಿಗೆ ಅಲ್ಯೂಮಿನಿಯಂ ರಿವಿಟ್ ಹೊಡೆಯೋದು. ಕರಗುವವನು ಚಿಕ್ಕವ, ತಿನ್ನುವವನು ದೊಡ್ಡವ. ರಿವಿಟ್ ಬೇಗ ಮಾಯ.

ಬ್ಯಾಟರಿಯ ನೆಗೆಟಿವ್ ವೈರನ್ನು ಟ್ರ್ಯಾಕ್ಟರಿನಲ್ಲಿ ಮಾಡುವಂತೆ ದೋಣಿಯ ತಗಡಿಗೆ ಜೋಡಿಸಬೇಡಿ. ಪ್ರತಿ ಲೈಟಿಗೂ ಎರಡು ವೈರ್ ಎಳೆಯಿರಿ.

ಹೊಟ್ಟೆಯ ಕೆಳಗೆ, ದೋಣಿಯ ಬದಲು ತಾನು ಕರಗಲಿ ಎಂದು, ಆನೋಡ್ ಎಂಬ ಲೋಹದ ತುಂಡು ಕಟ್ಟೋದು ವಾಡಿಕೆ. ಸಿಹಿನೀರಿಗೆ ಮೆಗ್ನೀಷಿಯಂದು ಸರಿ. ಸತುವಿನದಕ್ಕೆ ಇಲ್ಲಿ ಪೊರೆ ಕಟ್ಟಿ ಸುಮ್ಮನಾಗುತ್ತದೆ. ಆನೋಡ್ ಒಂದು ಮಾತ್ರ ಬರಿ ತಗಡಿಗೆ ತಾಗಲೇಬೇಕು. ಆಯುಧ ಪೂಜೆಗೆ ದೋಣಿ ಚಂದ ಕಾಣಲೆಂದು ಆನೋಡಿಗೂ ಬಣ್ಣ ಹೊಡೆಯುವವರಿದ್ದಾರೆ. ಆಮೇಲೆ ಅದು ಬರೇ ಭಾರ. ಅರ್ಧ ಕರಗಿತೋ, ಬದಲಿಸಿ.

ತಳದ ನೀರನ್ನು ಬಳಿದು ತೆಗೆಯುವಾಗ ಕೈಯಾಡಿಸಿ. ಎಲೆಕ್ಟ್ರಿಷಿಯನ್ ಬಿಟ್ಟ ತಾಮ್ರದ ವೈರ್ ತುಂಡು, ಪೂಜೆಗೆ ಇಟ್ಟ ಹಳೇ ತಾಮ್ರದ ದುಡ್ಡು ಸಿಕ್ಕರೂ ಸಿಗಬಹುದು. ತಾಮ್ರ ಸ್ಟೀಲಿಗಿಂತ ಚುರುಕು: ನೀರಿನಲ್ಲಿ ಕೂತಲ್ಲೇ ತೂತು ಕೊರೆಯುತ್ತದೆ.