ಬಡ ದೇಶದ ಸಾಲ ಮನ್ನಾ ಮಾಡಬೇಕಾ?

ಪರ

ಸಾಲ ತಗೊಂಡ ಮೇಲೆ ತೀರಿಸಲೇಬೇಕು ಅಂತ ಯಾರಾದರೂ ಹೇಳಿದರೆ ನನಗೆ ಆಫ್ರಿಕಾದ ಜಾಂಬಿಯಾ ದೇಶದ ಟ್ರ್ಯಾಕ್ಟರ್‌ಗಳು ನೆನಪಾಗುತ್ತವೆ. 1979ರಲ್ಲಿ ರೊಮೇನಿಯಾ ಸಾಲದ ಮೇಲೆ ಆ ದೇಶಕ್ಕೆ ಟ್ರ್ಯಾಕ್ಟರ್ ಕೊಟ್ಟಿತು. ಜಾಂಬಿಯಾ ಬದುಕುತ್ತಿದ್ದದ್ದೇ ತಾಮ್ರ ಮಾರಿ. ಅಷ್ಟರಲ್ಲಾಗಲೇ ತಾಮ್ರದ ಬೆಲೆ ಬಿದ್ದಿತ್ತು, ತೈಲದ ಬೆಲೆ ಏರಿತ್ತು, ಅದರ ಮೇಲೆ ಅಮೆರಿಕ ಬಡ್ಡಿದರವನ್ನೂ ಏರಿಸಿತು. ಇದರಲ್ಲಿ ಒಂದಾದರೂ ಆ ಜನರ ಕೈಲಿತ್ತಾ? ಕಂತು ನಿಂತಿತು. 1999ರಲ್ಲಿ ರೊಮೇನಿಯಾ ಮನ್ನಾ ಮಾಡಲಿಲ್ಲ, ಸುಮಾರು 33 ಲಕ್ಷ ಡಾಲರ್‌ಗೆ ಆ ಸಾಲವನ್ನು ಒಂದು ಖಾಸಗಿ ಕಂಪನಿಗೆ ಮಾರಿತು. ಅವರು ಲಂಡನ್ ಕೋರ್ಟಿಗೆ ಹೋಗಿ ಕೇಳಿದ್ದು 5.5 ಕೋಟಿ ಡಾಲರ್! 2007ರಲ್ಲಿ ಸುಮಾರು 1.5 ಕೋಟಿ ಸಿಕ್ಕಿತು. ಕೊಟ್ಟವರಿಗೂ ಪೂರ್ತಿ ಬರಲಿಲ್ಲ, ತಗೊಂಡವರಿಗೂ ಉಳಿಯಲಿಲ್ಲ. ಇದನ್ನು ನ್ಯಾಯ ಅನ್ನೋಕೆ ನನ್ನಿಂದ ಆಗಲ್ಲ.

ಇದೇ ದೇಶಕ್ಕೆ ಮನ್ನಾ ಸಿಕ್ಕಾಗ ಏನಾಯ್ತು ನೋಡಿ. 2005ರಲ್ಲಿ ಜಿ8 ಅನ್ನೋ ದೊಡ್ಡ ದೇಶಗಳ ಗುಂಪು ಮನ್ನಾಕ್ಕೆ ಒಪ್ಪಿದ ಮೇಲೆ ಸುಮಾರು 700 ಕೋಟಿ ಡಾಲರ್ ಇದ್ದ ವಿದೇಶಿ ಸಾಲ 100 ಕೋಟಿಯ ಆಸುಪಾಸಿಗೆ ಇಳಿಯಿತು. ಮರುವರ್ಷವೇ ಹಳ್ಳಿಗಳ ಸರ್ಕಾರಿ ಚಿಕಿತ್ಸಾಲಯಗಳಲ್ಲಿ ಶುಲ್ಕ ತೆಗೆದರು. ಜ್ವರ ಬಂದ ಮಗುವನ್ನು ಎತ್ತಿಕೊಂಡು ಬಂದ ತಾಯಿ ದುಡ್ಡಿಲ್ಲ ಅಂತ ವಾಪಸ್ ಹೋಗಬೇಕಿರಲಿಲ್ಲ. ನನಗೆ ಇಷ್ಟೇ ಸಾಕು.

ಇನ್ನು, ಮನ್ನಾ ಮಾಡಿದರೆ ಕೆಟ್ಟ ಚಟ ಬೀಳುತ್ತೆ ಅಂತಾರೆ. 1953ರಲ್ಲಿ ಪಶ್ಚಿಮ ಜರ್ಮನಿಯ ಸಾಲದಲ್ಲಿ ಹತ್ತಿರ ಹತ್ತಿರ ಅರ್ಧ ಬಿಟ್ಟುಕೊಟ್ಟರಲ್ಲ, ಯುದ್ಧದಲ್ಲಿ ನಲುಗಿದ್ದ ಗ್ರೀಸ್ ಕೂಡ ಅದಕ್ಕೆ ಸಹಿ ಹಾಕಿತ್ತಲ್ಲ, ಆಗ ಯಾರಿಗೂ ಈ ಚಟದ ಚಿಂತೆ ಬರಲಿಲ್ಲವಾ? ಬಡವರ ಸರದಿ ಬಂದಾಗ ಮಾತ್ರ ಶಿಸ್ತಿನ ಪಾಠ ಶುರುವಾಗುತ್ತೆ.

ವಿರೋಧ

ನನಗೆ ಈ ಕಡೆ ಬರೆಯಲು ಹೇಳಿದ್ದಾರೆ. ಪೂರ್ತಿ ಒಪ್ಪಿ ಬರೆಯುತ್ತಿಲ್ಲ. ಆದರೆ ಒಂದು ವಿಷಯ ಕಾಡುತ್ತದೆ. ಅದೇ ಜಾಂಬಿಯಾ, ಸಾಲ ಇಳಿದ ಮೇಲೆ 2012ರಲ್ಲಿ 75 ಕೋಟಿ, 2014ರಲ್ಲಿ 100 ಕೋಟಿ, 2015ರಲ್ಲಿ 125 ಕೋಟಿ ಡಾಲರ್‌ನ ಬಾಂಡ್, ಅಂದರೆ ಸಾಲಪತ್ರ, ಮಾರಿ ಮತ್ತೆ ಸಾಲ ಎತ್ತಿತು. ಚೀನಾದಿಂದ ತಂದ ಸಾಲ ಬೇರೆ. 2020ರ ನವೆಂಬರ್‌ನಲ್ಲಿ ಬಡ್ಡಿ ಕಟ್ಟಲೂ ಆಗಲಿಲ್ಲ.



ನಾನೊಮ್ಮೆ ಗೆಳೆಯನಿಗೆ ಸಾಲ ಕೊಟ್ಟಿದ್ದೆ. ಅವನ ಕಷ್ಟ ನೋಡಲಾಗದೆ "ಹೋಗ್ಲಿ ಬಿಡೋ" ಅಂದೆ. ಅವತ್ತು ಇಬ್ಬರ ಕಣ್ಣಲ್ಲೂ ನೀರು. ಆಮೇಲೆ ಅವನು ಮನೆಗೆ ಬರೋದೇ ಕಡಿಮೆಯಾಯ್ತು, ಫೋನ್ ಮಾಡಿದರೆ ಎರಡು ಮಾತಾಡಿ ಇಡುತ್ತಿದ್ದ. ಎರಡು ವರ್ಷ ಕಳೆದ ಮೇಲೆ ಗೊತ್ತಾಯ್ತು, ಬೇರೆ ಮೂರು ಜನರ ಹತ್ತಿರ ಜಾಸ್ತಿ ಬಡ್ಡಿಗೆ ತಗೊಂಡಿದ್ದಾನೆ ಅಂತ. ನನ್ನ ಹತ್ತಿರ ಇನ್ನೊಮ್ಮೆ ಕೇಳೋಕೆ ಮುಖವಿರಲಿಲ್ಲವಂತೆ. ತಿಂಗಳಿಗೆ ನೂರು ರೂಪಾಯಿ ಕೊಡು ಅಂದಿದ್ದರೆ ಬಂದುಹೋಗುತ್ತಿದ್ದನೇನೋ.

ಅದಕ್ಕೇ ನನಗೆ 2023ರ ಜೂನ್‌ನಲ್ಲಿ ಚೀನಾ, ಫ್ರಾನ್ಸ್ ಮೊದಲಾದ ದೇಶಗಳು ಜಾಂಬಿಯಾಕ್ಕೆ ಮಾಡಿಕೊಟ್ಟ ಏರ್ಪಾಡು ಸರಿ ಅನಿಸುತ್ತದೆ. ಅಸಲು ಬಿಡಲಿಲ್ಲ, ಬಡ್ಡಿ ಇಳಿಸಿ 2043ರವರೆಗೆ ಗಡುವು ಕೊಟ್ಟರು.